ಪಂಪುಮನೆಯ ಸಣ್ಣ ಯಂತ್ರಗಳಲ್ಲಿ ತಂತಿ ಜೋಡಣೆ ಮತ್ತು ಬೆಸುಗೆಯ ಕ್ರಮ

ಹಿಂದಿನ ಕಾಲದಲ್ಲಿ ಬೇಸಾಯಗಾರನ ಮನೆಯಲ್ಲಿ ಕೆಟ್ಟುಹೋಗಬಹುದಾಗಿದ್ದ ಸಲಕರಣೆಗಳೆಂದರೆ ನೇಗಿಲು, ಕುಂಟೆ, ಗಾಡಿ, ಕಪಿಲೆ ಮುಂತಾದುವು. ಇವುಗಳನ್ನು ಊರಿನ ಬಡಗಿಯೂ ಕಮ್ಮಾರನೂ ಸರಿಪಡಿಸಿಕೊಡುತ್ತಿದ್ದರು. ಕೆಲಸವು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ಜಮೀನುದಾರನು ತಾನೇ ಕಣ್ಣಿನಿಂದ ನೋಡಿ, ಕೈಯಿಂದ ಅಲುಗಿಸಿ ತಿಳಿದುಕೊಳ್ಳುತ್ತಿದ್ದನು. ಈಗ ಕೊಳವೆ ಬಾವಿಗಳೂ ವಿದ್ಯುತ್ ಪಂಪುಗಳೂ ಹರಡಿರುವುದರಿಂದ ಹೊಲದ ಮೂಲೆಯ ಪಂಪುಮನೆಯಲ್ಲಿ ಹೊಸ ಬಗೆಯ ಸಲಕರಣೆಗಳು ಸೇರಿಕೊಂಡಿವೆ. ಬಾವಿಯಲ್ಲಿ ನೀರು ಇಳಿದರೆ ಮೋಟಾರನ್ನು ನಿಲ್ಲಿಸುವುದು, ತೊಟ್ಟಿಯು ತುಂಬಿದಾಗ ಗಂಟೆ ಬಾರಿಸುವುದು, ರಾತ್ರಿ ವೇಳೆ ವಿದ್ಯುತ್ತು ಬಂದೊಡನೆ ಪಂಪನ್ನು ಚಾಲೂ ಮಾಡುವುದು, ಈ ಮೊದಲಾದ ಕೆಲಸಗಳನ್ನು ಅಂಗೈಯಗಲದ ಬೋರ್ಡುಗಳು ಮಾಡುತ್ತವೆ.

ಇವುಗಳಲ್ಲಿ ಕೆಲವು ಅಂಗಡಿಯಿಂದ ಬರುತ್ತವೆ. ಮತ್ತೆ ಕೆಲವನ್ನು ಊರಿನಲ್ಲಿಯೇ ಇರುವ, ಐ.ಟಿ.ಐ.ಯಲ್ಲಾಗಲಿ ಕಾಲೇಜಿನಲ್ಲಾಗಲಿ ಕಲಿತುಬಂದ ಯುವಕರು ತಮ್ಮ ಕೈಯಿಂದಲೇ ಕಟ್ಟಿಕೊಡುತ್ತಾರೆ. ಹೀಗೆ ಮೊದಲಬಾರಿಗೆ ಕೈಯಿಂದ ಕಟ್ಟಿದ ಯಂತ್ರಕ್ಕೆ ಮಾದರಿ ಯಂತ್ರ ಅಥವಾ ಪ್ರೋಟೋಟೈಪ್ ಎಂದು ಹೆಸರು. ಇದು ಆಯಾ ಬಾವಿಗೂ ಆಯಾ ತೋಟಕ್ಕೂ ತಕ್ಕಂತೆ ಇರುವುದರಿಂದ ಬಹಳ ಉಪಯುಕ್ತವಾದುದೇ ಸರಿ. ಆದರೆ ಬೆಲೆಯುಳ್ಳ ಮೋಟಾರನ್ನು ಇಂತಹ ಯಂತ್ರದ ವಶಕ್ಕೆ ಒಪ್ಪಿಸಬಹುದೇ ಎಂಬುದನ್ನು ತೀರ್ಮಾನಿಸತಕ್ಕವನು ಜಮೀನುದಾರನು. ಅವನಿಗೆ ಟ್ರಾನ್ಸಿಸ್ಟರು, ರಿಲೇಗಳ ವಿಷಯ ತಿಳಿಯಬೇಕೆಂದಿಲ್ಲ. ಯಂತ್ರದ ಕೂಡುಗೆಗಳನ್ನು ನೋಡಿ ಬೆಲೆಕಟ್ಟಲು ಬಂದರೆ ಸಾಕು. ನೇಗಿಲಿನ ಗಟ್ಟಿತನವು ಅದರ ಕೂಡುಗೆಯಲ್ಲಿರುವಂತೆ ಈ ಯಂತ್ರದ ಗಟ್ಟಿತನವೂ ಅದರ ಬೆಸುಗೆಗಳಲ್ಲಿಯೇ ಇರುವುದು. ಆ ಬೆಸುಗೆಗಳನ್ನು ಮಾಡುವ ಕ್ರಮವನ್ನೂ ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಒಂದು ಬೆಸುಗೆಯ ಬೆಲೆ

ಕೊಳವೆ ಬಾವಿಯೊಳಗೆ ಮುಳುಗಿರುವ ಮೋಟಾರು ಸುತ್ತಲೂ ಹರಿಯುವ ನೀರಿನಿಂದಲೇ ತಂಪಾಗತಕ್ಕದ್ದು. ನೀರು ಇಳಿದ ಮೇಲೂ ಅದು ತಿರುಗುತ್ತಿದ್ದರೆ ಬೇರಿಂಗುಗಳು ಸವೆದು, ಒಳಗಿನ ತಂತಿಯ ಸುರುಳಿಯು ಸುಟ್ಟುಹೋಗುವುದು. ಆಗ ನೂರಾರು ಅಡಿಗಳ ಕೊಳವೆಯನ್ನು ಮೇಲಕ್ಕೆತ್ತಬೇಕು; ಮೋಟಾರನ್ನು ಪಟ್ಟಣಕ್ಕೆ ಕಳುಹಿಸಿ ಹೊಸದಾಗಿ ತಂತಿ ಸುತ್ತಿಸಬೇಕು. ಅಷ್ಟರೊಳಗೆ ಹೂ ಬಿಟ್ಟ ಬೆಳೆಯು ಒಣಗಿಹೋಗುವ ಸಂಭವವುಂಟು. ಇಷ್ಟು ದೊಡ್ಡ ನಷ್ಟಕ್ಕೆ ಜೋಳದ ಕಾಳಿಗಿಂತಲೂ ಚಿಕ್ಕದಾದ ಒಂದು ಬೆಸುಗೆಯು ಕಾರಣವಾಗಬಹುದು.

ಒಂದು ಸಣ್ಣ ಯಂತ್ರದಲ್ಲಿ ನೂರು ಬೆಸುಗೆಗಳಿವೆಯೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಬೆಸುಗೆಯೂ ಗಟ್ಟಿಯಾಗಿರುವ ಸಂಭವವು 100ಕ್ಕೆ 99 ಎಂದಾದರೆ, ಕೆಲಸವು ಚೆನ್ನಾಗಿದೆಯೆಂದೇ ತೋರುವುದು. ಆದರೆ ನೂರು ಬೆಸುಗೆಗಳೂ ಒಟ್ಟಿಗೆ ಗಟ್ಟಿಯಾಗಿರುವ ಸಂಭವವನ್ನು ಗುಣಿಸಿ ನೋಡಿದರೆ 100ಕ್ಕೆ ಸುಮಾರು 37 ಮಾತ್ರ ಬರುವುದು. ಅದೇ ಪ್ರತಿಯೊಂದು ಬೆಸುಗೆಯ ಸಂಭವವನ್ನು 1000ಕ್ಕೆ 999ಕ್ಕೆ ಏರಿಸಿದರೆ, ಇಡೀ ಯಂತ್ರದ ಸಂಭವವು 100ಕ್ಕೆ 90ಕ್ಕೆ ಏರುವುದು. ಸರಪಳಿಯ ನೂರು ಕೊಂಡಿಗಳಲ್ಲಿ ಒಂದು ತುಂಡಾದರೂ ಎತ್ತು ಬಿಡಿಸಿಕೊಂಡು ಹೋಗುವಂತೆ, ಒಂದು ಬೆಸುಗೆಯು ಬಿಟ್ಟರೂ ಯಂತ್ರವು ಕೆಡುವುದು. ಆದಕಾರಣ "ಬಹುಮಟ್ಟಿಗೆ ಸರಿಯಾಗಿದೆ" ಎಂಬ ಮಾತಿಗೆ ಈ ಕೆಲಸದಲ್ಲಿ ಬೆಲೆಯಿಲ್ಲ.

ಎಷ್ಟೇ ಎಚ್ಚರಿಕೆಯಿಂದ ಬೆಸೆದರೂ ಎಂದಾದರೊಂದು ದಿನ ಒಂದು ತಂತಿಯು ಕಡಿಯಬಹುದೆಂದು ಭಾವಿಸಿಯೇ ಯಂತ್ರದ ನಕ್ಷೆಯನ್ನು ಹಾಕತಕ್ಕದ್ದು. ಬಾವಿಯಲ್ಲಿ ನೀರಿರುವಾಗ ಅದರ ಮೂಲಕ ಹರಿಯುವ ಅತ್ಯಲ್ಪವಾದ ವಿದ್ಯುತ್ತು ಟ್ರಾನ್ಸಿಸ್ಟರಿನ ಸಹಾಯದಿಂದ ರಿಲೇಯನ್ನು ಹಿಡಿದಿಟ್ಟಿರಬೇಕು. ನೀರು ಇಳಿದರೆ ರಿಲೇಯು ಬಿಟ್ಟುಕೊಂಡು ಮೋಟಾರು ನಿಲ್ಲಬೇಕು. ಹೀಗಿದ್ದರೆ ಬಾವಿಗೆ ಇಳಿಬಿಟ್ಟ ತಂತಿಯು ಕಡಿದಾಗಲೂ ಮೋಟಾರು ನಿಲ್ಲುವುದೇ ಹೊರತು ಸುಡುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನೀರು ಇಳಿದಾಗ ರಿಲೇಯು ಹಿಡಿದುಕೊಂಡು ಮೋಟಾರನ್ನು ನಿಲ್ಲಿಸುವಂತೆ ಕಟ್ಟಿದ್ದರೆ, ತಂತಿ ಕಡಿದ ದಿನ ಕಾವಲುಗಾರನು ಸತ್ತಿರುವುದು ಯಾರಿಗೂ ತಿಳಿಯುವುದಿಲ್ಲ. "ಈ ತಂತಿ ಕಡಿದರೆ ಏನಾಗುವುದು?" ಎಂಬುದು ಯಂತ್ರವನ್ನು ಕಟ್ಟಿದವನಿಗೆ ಜಮೀನುದಾರನು ಹಾಕತಕ್ಕ ಮೊದಲನೆಯ ಪ್ರಶ್ನೆ.

ಬೆಸುಗೆ ಎಂದರೇನು

ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಬೆಸುಗೆಯ ತತ್ತ್ವವು ಹೊಸದಲ್ಲ. ಕಲಾಯಿಯವನು ಪಾತ್ರೆಯನ್ನು ಮೊದಲು ಚೆನ್ನಾಗಿ ತಿಕ್ಕಿ ತೊಳೆದು, ತಿದಿಯ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿಯನ್ನು ಹಾಕಿ ಉಜ್ಜುವನು. ಬಿಳಿಯ ಹೊಗೆ ಏಳುವುದು. ಅನಂತರ ತವರದ ಕಡ್ಡಿಯನ್ನು ಕಾದ ಪಾತ್ರೆಗೆ ಮುಟ್ಟಿಸಿದೊಡನೆ ಅದು ಕರಗಿ ಬೆಳ್ಳಗೆ ಹರಡಿಕೊಳ್ಳುವುದು. ಪಾತ್ರೆಯು ಕೊಳೆಯಾಗಿದ್ದರೂ, ಸಾಲದಷ್ಟು ಕಾದಿದ್ದರೂ, ನವಸಾಗರ ಬೀಳದಿದ್ದರೂ ತವರವು ಅಂಟುವುದಿಲ್ಲ. ಅಕ್ಕಸಾಲಿಯು ಬೆಸೆಯುವಾಗ ಬಿಳಿಗಾರವನ್ನು ಹಾಕುವುದೂ ಇದೇ ಉದ್ದೇಶದಿಂದಲೇ. ಗಾಳಿಯ ಸಂಬಂಧದಿಂದ ಲೋಹದ ಮೇಲೆ ಕಟ್ಟುವ ಕಿಲುಬಿನ ಪೊರೆಯನ್ನು ಈ ವಸ್ತುಗಳು ಕರಗಿಸಿ ತೆಗೆಯುತ್ತವೆ. ಇಂತಹ ವಸ್ತುವಿಗೆ ಫ್ಲಕ್ಸ್ ಎಂದು ಹೆಸರು.

ಬೆಸುಗೆಯು ಅಂಟು ಹಚ್ಚಿದಂತೆ ಅಲ್ಲ. ಕರಗಿದ ತವರವು ಶುದ್ಧವಾದ ತಾಮ್ರವನ್ನು ಒದ್ದೆಮಾಡಿ, ಎರಡೂ ಸೇರುವೆಡೆಯಲ್ಲಿ ತಾಮ್ರ-ತವರಗಳ ಒಂದು ತೆಳ್ಳನೆಯ ಮಿಶ್ರಪದರವನ್ನು ಉಂಟುಮಾಡುವುದು. ಈ ಪದರವು ಹುಟ್ಟಿದರೆ ಮಾತ್ರ ಬೆಸುಗೆ. ಹುಟ್ಟದಿದ್ದರೆ ಲೋಹವು ಮೇಲೆ ಕುಳಿತಿರುವುದೇ ಹೊರತು ಸೇರಿರುವುದಿಲ್ಲ. ಶಾಖವು ಅತಿಯಾದರೆ ಇದೇ ಪದರವು ದಪ್ಪವಾಗಿ ಬೆಳೆದು ಬಿರುಸಾಗಿ ಬಿರುಕುಬಿಡುವುದು. ಶಾಖವು ಸಾಕಷ್ಟಿರಬೇಕು, ಹೊತ್ತು ಸ್ವಲ್ಪವಾಗಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುವುದು.

ಬೇಕಾದ ಸಾಮಗ್ರಿಗಳು

ತವರವು 232 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಯೂ ಸೀಸವು 327 ಡಿಗ್ರಿಯಲ್ಲಿಯೂ ಕರಗುತ್ತವೆ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸವನ್ನು ಬೆರಸಿದರೆ ಆ ಮಿಶ್ರಣವು 183 ಡಿಗ್ರಿಯಲ್ಲಿಯೇ ಕರಗುವುದು. ಆರಿದಾಗ ನಡುವಣ ಮೆತುವಾದ ಅವಸ್ಥೆಯಿಲ್ಲದೆ ಒಮ್ಮೆಗೇ ಗಟ್ಟಿಯಾಗುವುದು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಕ್ಕುವ 60-40ರ ಮಿಶ್ರಣವು ಆರುವಾಗ ಸ್ವಲ್ಪ ಹೊತ್ತು ಮೆತ್ತಗಿರುವುದರಿಂದ, ಆ ಸಮಯದಲ್ಲಿ ತಂತಿಯು ಅಲುಗಿದರೆ ಬೆಸುಗೆಯೊಳಗೆ ಬಿರುಕು ಬೀಳುವುದು. ಸೀಸವಿಲ್ಲದ ಬೆಸುಗೆ ಲೋಹವೂ ಉಂಟು. ಇದರಲ್ಲಿ 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರವಿರುವ ಮಿಶ್ರಣವು ಪ್ರಸಿದ್ಧವಾದುದು. ಅದು 217ರಿಂದ 220 ಡಿಗ್ರಿಯಲ್ಲಿ ಕರಗುವುದು. ಯೂರೋಪಿನ ಒಕ್ಕೂಟದ ದೇಶಗಳಲ್ಲಿ 2006ನೆಯ ಜುಲೈ 1ರಿಂದ ಬಹುತೇಕ ವಿದ್ಯುತ್ ಸಾಮಾನುಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ ಇದರ ಉಪಯೋಗವು ಹೆಚ್ಚಿತು.

ಬೆಸುಗೆ ಲೋಹವನ್ನು ತಂತಿಯ ರೂಪದಲ್ಲಿ ಸುತ್ತಿ ಮಾರುತ್ತಾರೆ. ಒಳಗೆ ಟೊಳ್ಳಾಗಿದ್ದು ಅದರಲ್ಲಿ ರಾಳದ ಫ್ಲಕ್ಸ್ ತುಂಬಿರುವ ತಂತಿಯನ್ನೇ ಕೊಳ್ಳತಕ್ಕದ್ದು. ಸಣ್ಣ ಕೆಲಸಕ್ಕೆ ಸುಮಾರು 0.7 ಮಿಲ್ಲಿಮೀಟರು ದಪ್ಪವಿರುವ 22ನೆಯ ಗೇಜಿನ ತಂತಿಯು ಯೋಗ್ಯವಾದುದು. ತಗಡಿನ ಕೆಲಸದವರು ಉಪಯೋಗಿಸುವ ಸತುವಿನ ಕ್ಲೋರೈಡಿನಂತಹ ಆಮ್ಲಗುಣದ ದ್ರವವನ್ನು ಈ ಕೆಲಸಕ್ಕೆ ಎಂದಿಗೂ ತರಕೂಡದು. ಡಬ್ಬಿಯ ಬೆಸುಗೆಯನ್ನು ಆಮೇಲೆ ನೀರಿನಿಂದ ತೊಳೆಯಬಹುದು. ಬೋರ್ಡಿನಲ್ಲಾದರೆ ಆ ದ್ರವದ ಶೇಷವು ಸಂದುಗಳಲ್ಲಿ ಉಳಿದು, ಮಳೆಗಾಲದ ತೇವವನ್ನು ಹೀರಿ, ಕೂದಲೆಳೆಯಂತಹ ತಂತಿಗಳನ್ನು ತಿಂದುಹಾಕುವುದು.

ಕಾಯಿಸುವುದಕ್ಕೆ 25 ವಾಟಿನ ಸೋಲ್ಡರಿಂಗ್ ಐರನ್ನು ಸಾಕು. ಶಾಖವನ್ನು ಹಿಡಿತದಲ್ಲಿಡುವ ಏರ್ಪಾಡಿದ್ದರೆ ತುದಿಯನ್ನು ಸುಮಾರು 320ರಿಂದ 370 ಡಿಗ್ರಿಯಲ್ಲಿಡಬಹುದು. ತುದಿಯು ಸದಾ ಬೆಸುಗೆ ಲೋಹದ ತೆಳುವಾದ ಲೇಪದಿಂದ ಹೊಳೆಯುತ್ತಿರಬೇಕು. ಕರಿಕಟ್ಟಿದ ತುದಿಯು ಶಾಖವನ್ನು ದಾಟಿಸುವುದಿಲ್ಲ. ಆಗಾಗ್ಗೆ ಒದ್ದೆಯ ಸ್ಪಂಜಿಗೆ ಒರಸುತ್ತಿದ್ದರೆ ತುದಿಯು ಶುದ್ಧವಾಗಿರುವುದು. ಕಬ್ಬಿಣದ ಲೇಪವುಳ್ಳ ತುದಿಯನ್ನು ಅರದಿಂದ ಉಜ್ಜಿದರೆ ಲೇಪವು ಹೋಗಿ ತುದಿಯು ಬೇಗನೆ ಸವೆದುಹೋಗುವುದು. ಇವುಗಳೊಡನೆ ಒಂದು ಚಿಮಟ, ತಂತಿ ಕತ್ತರಿಸುವ ಇಕ್ಕಳ, ಭೂತಗನ್ನಡಿ, ಮಲ್ಟಿಮೀಟರು ಇವಿಷ್ಟು ಅವಶ್ಯಕ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲವೂ ದೊರೆಯುತ್ತವೆ.

ಮೊದಲು ಮೇಜಿನ ಮೇಲೆ, ಆಮೇಲೆ ಬೋರ್ಡಿನ ಮೇಲೆ

ನಕ್ಷೆಯನ್ನು ಕಾಗದದ ಮೇಲೆ ಬರೆಯದೆ ತಂತಿಯನ್ನು ಮುಟ್ಟಬಾರದು. ನಕ್ಷೆಯಂತೆ ಬಿಡಿಭಾಗಗಳನ್ನು ಮೊದಲು ಬ್ರೆಡ್‌ಬೋರ್ಡು ಎಂಬ ತೂತುಗಳ ಹಲಗೆಯಲ್ಲಿ ಸಿಕ್ಕಿಸಿ ಪರೀಕ್ಷಿಸುವುದು ವಾಡಿಕೆ. 1920ರ ದಶಕದಲ್ಲಿ ಅಮೆರಿಕದ ರೇಡಿಯೋ ಹವ್ಯಾಸಿಗಳು ರೊಟ್ಟಿ ಕೊಯ್ಯುವ ಮರದ ಹಲಗೆಯ ಮೇಲೆ ಮೊಳೆ ಹೊಡೆದು ರೇಡಿಯೋಗಳನ್ನು ಕಟ್ಟುತ್ತಿದ್ದುದರಿಂದ ಈ ಹೆಸರು ಬಂದಿತು. ಈಗಿನ ಹಲಗೆಯಲ್ಲಿ ಪ್ರತಿಯೊಂದು ತೂತಿನೊಳಗೂ ಸ್ಪ್ರಿಂಗಿನ ಹಿಡಿತವಿದ್ದು, ಬೆಸೆಯದೆಯೇ ತಂತಿಗಳನ್ನು ಸಿಕ್ಕಿಸಿ ತೆಗೆಯಬಹುದು. ಮೇಜಿನ ಮೇಲಣ ಪ್ರಯೋಗಕ್ಕೆ ಇದು ಅತ್ಯುತ್ತಮವಾದುದು. ಆದರೆ ಪಂಪುಮನೆಯ ಅದುರುವಿಕೆಗೂ ಧೂಳಿಗೂ ತೇವಕ್ಕೂ ಈ ಹಿಡಿತಗಳು ತಾಳುವುದಿಲ್ಲ. ಬ್ರೆಡ್‌ಬೋರ್ಡಿನಲ್ಲಿಯೇ ಕಟ್ಟಿದ ಯಂತ್ರವನ್ನು ಹೊಲಕ್ಕೆ ತಂದರೆ ಜಮೀನುದಾರನು ಅದನ್ನು ಒಪ್ಪಿಕೊಳ್ಳಬಾರದು.

ಪ್ರಯೋಗವು ಸಫಲವಾದ ಮೇಲೆ ಭಾಗಗಳನ್ನು ತಾಮ್ರದ ಪಟ್ಟಿಗಳುಳ್ಳ ತೂತಿನ ಬೋರ್ಡಿಗೆ ವರ್ಗಾಯಿಸಿ ಬೆಸೆಯತಕ್ಕದ್ದು. ಇಂಗ್ಲೆಂಡಿನಲ್ಲಿ 1960ರ ಸುಮಾರಿಗೆ ಬಳಕೆಗೆ ಬಂದ ಈ ಬೋರ್ಡು ವೆರೋಬೋರ್ಡು ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ತೂತುಗಳ ನಡುವೆ 2.54 ಮಿಲ್ಲಿಮೀಟರು, ಅಂದರೆ ಅಂಗುಲದ ಹತ್ತನೆಯ ಒಂದು ಭಾಗದ ಅಂತರವಿರುವುದು. ಒಂದೇ ಪಟ್ಟಿಯ ಮೇಲೆ ಸಂಬಂಧವು ಮುಂದುವರಿಯಬಾರದ ಕಡೆ ಪಟ್ಟಿಯನ್ನು ಬೈರಿಗೆಯ ತುದಿಯಿಂದ ಕೆರೆದು ಕಡಿಯಬೇಕು. ಹೀಗೆ ಕಡಿದ ಕಡೆ ಕೂದಲಿನಷ್ಟು ತಾಮ್ರವು ಉಳಿದಿದ್ದರೂ ವಿದ್ಯುತ್ತು ಹರಿಯುವುದರಿಂದ ಪ್ರತಿಯೊಂದನ್ನೂ ಭೂತಗನ್ನಡಿಯಿಂದ ನೋಡುವುದು ಅವಶ್ಯಕ.

ಕುಳ್ಳಗಿರುವ ಭಾಗಗಳನ್ನು ಮೊದಲು, ಎತ್ತರವಾದುವನ್ನು ಆಮೇಲೆ ಬೆಸೆದರೆ ಬೋರ್ಡನ್ನು ಮಗುಚಿದಾಗ ಯಾವುದೂ ಉದುರುವುದಿಲ್ಲ. ಡಯೋಡಿನ ಪಟ್ಟೆ, ಕೆಪಾಸಿಟರಿನ ಋಣದ ಗುರುತು, ಟ್ರಾನ್ಸಿಸ್ಟರಿನ ಮೂರು ಕಾಲುಗಳು, ಇವುಗಳ ದಿಕ್ಕನ್ನು ಬೆಸೆಯುವ ಮೊದಲೇ ನಕ್ಷೆಯೊಡನೆ ಹೋಲಿಸತಕ್ಕದ್ದು. ಹಲವು ಕಾಲುಗಳ ಐಸಿಗಳನ್ನು ನೇರವಾಗಿ ಬೆಸೆಯದೆ, ಅವುಗಳ ಸಾಕೆಟ್ಟನ್ನು ಬೆಸೆದು ಐಸಿಯನ್ನು ಆಮೇಲೆ ಕೂಡಿಸಿದರೆ, ಶಾಖದಿಂದ ಅದು ಕೆಡುವುದಿಲ್ಲ; ಮುಂದೆ ಬದಲಾಯಿಸುವುದೂ ಸುಲಭವಾಗುವುದು.

ಬೆಸೆಯುವ ಕ್ರಮ

ಹೊಸಬರು ಮಾಡುವ ತಪ್ಪೇನೆಂದರೆ, ಬೆಸುಗೆ ಲೋಹವನ್ನು ಐರನ್ನಿನ ತುದಿಯಲ್ಲಿ ಕರಗಿಸಿಕೊಂಡು ಬಂದು ತಣ್ಣಗಿರುವ ತಂತಿಯ ಮೇಲೆ ತೊಟ್ಟಿಕ್ಕಿಸುವುದು. ಹೆಂಚು ಕಾಯುವುದಕ್ಕೆ ಮೊದಲೇ ಹಿಟ್ಟನ್ನು ಹುಯ್ದಂತೆ ಇದೂ ವ್ಯರ್ಥ. ಐರನ್ನಿನ ತುದಿಯು ತಂತಿಯನ್ನೂ ಬೋರ್ಡಿನ ತಾಮ್ರವನ್ನೂ ಒಟ್ಟಿಗೆ ಮುಟ್ಟಬೇಕು. ಒಂದು ಕ್ಷಣದಲ್ಲಿ ಎರಡೂ ಕಾದ ಮೇಲೆ ಬೆಸುಗೆ ತಂತಿಯನ್ನು ಅವುಗಳಿಗೆ ಮುಟ್ಟಿಸಬೇಕು. ಲೋಹವು ತಾನಾಗಿಯೇ ಕರಗಿ ಸುತ್ತಲೂ ಹರಿದೊಡನೆ ಮೊದಲು ಬೆಸುಗೆ ತಂತಿಯನ್ನು, ಆಮೇಲೆ ಐರನ್ನನ್ನು ತೆಗೆಯಬೇಕು. ಎಲ್ಲಕ್ಕೂ ಸೇರಿ ಎರಡು ಮೂರು ಸೆಕೆಂಡುಗಳು ಸಾಕು. ಬಹಳ ಹೊತ್ತು ಒತ್ತಿ ಹಿಡಿದರೆ ತಾಮ್ರದ ಪಟ್ಟಿಯು ಬೋರ್ಡಿನಿಂದ ಕಿತ್ತುಬರುವುದು. ಐರನ್ನನ್ನು ತೆಗೆದ ಮೇಲೆ ಲೋಹವು ಗಟ್ಟಿಯಾಗುವ ತನಕ ಏನನ್ನೂ ಅಲುಗಿಸಬಾರದು, ಬಾಯಿಂದ ಊದಲೂ ಬಾರದು.

ಒಳ್ಳೆಯ ಬೆಸುಗೆಯನ್ನು ಗುರುತಿಸುವುದು ಕಷ್ಟವಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಉಂಡೆಯಾಗಿ ನಿಲ್ಲುವುದು. ಕಲ್ಲಿನ ಮೇಲೆ ಬಿದ್ದ ನೀರು ಹರಡಿ ಒದ್ದೆಮಾಡುವುದು. ಬೆಸುಗೆಯು ಎರಡನೆಯ ಬಗೆಯದಾಗಿರಬೇಕು. ಅಂಚುಗಳು ತೆಳ್ಳಗೆ ಹರಡಿ, ಮೈಯು ಒಳಕ್ಕೆ ಬಾಗಿದ ಇಳಿಜಾರಾಗಿ ತಂತಿಯನ್ನು ಅಪ್ಪಿಕೊಂಡಿರಬೇಕು. ಉಂಡೆಯಾಗಿ ಕುಳಿತಿದ್ದರೂ, ತಂತಿಯ ಸುತ್ತ ಕರಿಯ ಗೆರೆಯು ಕಂಡರೂ, ಮೈಯು ಹರಳುಹರಳಾಗಿದ್ದರೂ ಅದು ಒಣಬೆಸುಗೆ. ಸೀಸವುಳ್ಳ ಬೆಸುಗೆಯು ಹೊಳೆಯುವುದು. ಸೀಸವಿಲ್ಲದ್ದು ಸ್ವಭಾವವಾಗಿಯೇ ಸ್ವಲ್ಪ ಮಬ್ಬಾಗಿರುವುದರಿಂದ ಅದರಲ್ಲಿ ಬಣ್ಣಕ್ಕಿಂತ ಆಕಾರವನ್ನೇ ನೋಡತಕ್ಕದ್ದು. ಒಣಬೆಸುಗೆಯ ಅಪಾಯವೆಂದರೆ ಅದು ಮೊದಲ ದಿನ ಕೆಲಸ ಮಾಡುವುದು. ಕೆಲವು ತಿಂಗಳ ಬಿಸಿಲು, ಚಳಿ, ಅದುರುವಿಕೆಗಳ ತರುವಾಯ, ಬೆಳೆಗೆ ನೀರು ಅತ್ಯವಶ್ಯವಾದಾಗ ಬಿಟ್ಟುಕೊಳ್ಳುವುದು.

ತಂತಿಗಳ ವಿಷಯ

ಬೋರ್ಡಿನೊಳಗೆ ಅಲುಗದೆ ಇರುವ ಕಡೆ ಒಂದೇ ಎಳೆಯ ತಂತಿಯನ್ನು ಹಾಕಬಹುದು. ಬೋರ್ಡಿನಿಂದ ಹೊರಕ್ಕೆ ಹೋಗುವ, ಬಾಗುವ ಕಡೆಗಳಲ್ಲಿ ಹಲವು ಎಳೆಗಳ ತಂತಿಯೇ ಬೇಕು. 7/0.2 ಎಂದು ಗುರುತಿಸಿದ ತಂತಿಯಲ್ಲಿ 0.2 ಮಿಲ್ಲಿಮೀಟರಿನ ಏಳು ಎಳೆಗಳಿರುತ್ತವೆ. ಮೇಲಣ ಪ್ಲಾಸ್ಟಿಕ್ಕನ್ನು ಬಿಡಿಸುವಾಗ ಎಳೆಗಳಿಗೆ ಗಾಯವಾಗಬಾರದು. ಗಾಯವಾದ ಎಳೆಯು ಬಾಗಿದಾಗ ಅಲ್ಲಿಯೇ ಕಡಿಯುವುದು. ಬೆಸುಗೆ ಲೋಹವು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ ಆ ಭಾಗವನ್ನು ಬಿರುಸುಗೊಳಿಸುವುದರಿಂದ, ಬಿರುಸು ಮುಗಿದು ಮೃದುವಾದ ತಂತಿಯು ಆರಂಭವಾಗುವ ಸ್ಥಳವೇ ಅತ್ಯಂತ ದುರ್ಬಲವಾದುದು. ಆದಕಾರಣ ಪ್ರತಿಯೊಂದು ಹೊರತಂತಿಯನ್ನೂ ಬೆಸುಗೆಗೆ ಸ್ವಲ್ಪ ಈಚೆಗೆ ಬೋರ್ಡಿಗಾಗಲಿ ಪೆಟ್ಟಿಗೆಗಾಗಲಿ ಕಟ್ಟಿ, ಎಳೆತವು ಬೆಸುಗೆಯ ಮೇಲೆ ಬೀಳದಂತೆ ಮಾಡಬೇಕು.

ಎರಡು ತಂತಿಗಳನ್ನು ಉದ್ದಕ್ಕೆ ಸೇರಿಸುವಾಗ ಬೆಸುಗೆಯೊಂದನ್ನೇ ನೆಚ್ಚಬಾರದು. ಹತ್ತೊಂಬತ್ತನೆಯ ಶತಮಾನದ ತಂತಿ ಟಪಾಲಿನ ಕೆಲಸಗಾರರು ಎರಡು ತುದಿಗಳನ್ನು ಒಂದಕ್ಕೊಂದು ಹೆಣೆದು, ಪ್ರತಿಯೊಂದರ ತುದಿಯನ್ನೂ ಇನ್ನೊಂದರ ಮೈಮೇಲೆ ಬಿಗಿಯಾಗಿ ಸುತ್ತಿ ಸೇರಿಸುತ್ತಿದ್ದರು. ಈ ಕಟ್ಟು ಬೆಸುಗೆಯಿಲ್ಲದೆಯೇ ಎಳೆತವನ್ನು ತಡೆಯುವುದು. ಬೆಸುಗೆಯು ಅದನ್ನು ಗಾಳಿ ನೀರುಗಳಿಂದ ಕಾಪಾಡುವುದು. ಅದರ ಮೇಲೆ ಬಿಸಿ ತಾಗಿದರೆ ಕುಗ್ಗಿ ಹಿಡಿಯುವ ಪ್ಲಾಸ್ಟಿಕ್ ನಳಿಗೆಯನ್ನು ತೊಡಿಸಿದರೆ ಕೂಡುಗೆಯು ಪೂರ್ಣವಾಗುವುದು. ಧನಕ್ಕೆ ಕೆಂಪು, ಋಣಕ್ಕೆ ಕಪ್ಪು ಎಂಬ ನಿಯಮವನ್ನು ಎಲ್ಲಿಯೂ ತಪ್ಪಬಾರದು. ಕಟ್ಟಿದವನು ನಾಳೆ ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋಗಬಹುದು. ಯಂತ್ರವು ಊರಿನಲ್ಲಿಯೇ ಉಳಿಯುವುದು. ಆದುದರಿಂದ ನಕ್ಷೆಯ ಒಂದು ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಪ್ರತಿಯೊಂದು ತಂತಿಯ ಎರಡು ತುದಿಗಳಿಗೂ ಒಂದೇ ಅಂಕಿಯ ಚೀಟಿಯನ್ನು ಕಟ್ಟಿಸಿಕೊಳ್ಳತಕ್ಕದ್ದು.

ಬೆಸುಗೆ ಸಲ್ಲದ ಸ್ಥಳಗಳು

ಬೆಸುಗೆಯು ಎಲ್ಲ ಕಡೆಗೂ ಮದ್ದಲ್ಲ. ಮೊದಲನೆಯದಾಗಿ, ಸ್ಟಾರ್ಟರಿನ ತಿರುಪಿನ ಕೆಳಗೆ ಹೋಗುವ ತಂತಿಯ ತುದಿಗೆ ಬೆಸುಗೆ ಲೋಹವನ್ನು ತುಂಬಬಾರದು. ನೋಡುವುದಕ್ಕೆ ಅದು ಅಚ್ಚುಕಟ್ಟಾಗಿ ಕಾಣುವುದು ನಿಜ. ಆದರೆ ತವರ-ಸೀಸಗಳು ಮೆತ್ತನೆಯ ಲೋಹಗಳಾದ್ದರಿಂದ ತಿರುಪಿನ ಒತ್ತಡಕ್ಕೆ ಕ್ರಮೇಣ ಹರಿದು ಜಾರುತ್ತವೆ; ತಿರುಪು ಸಡಿಲವಾಗಿ, ಕಿಡಿ ಹಾರಿ, ಕೂಡುಗೆಯು ಕಾದು ಸುಡುವುದು. ಇಂತಹ ಕಡೆ ತಾಮ್ರದ ಬಳೆಯನ್ನಾಗಲಿ ಲಗ್ಗನ್ನಾಗಲಿ ಒತ್ತುವ ಇಕ್ಕಳದಿಂದ ಕೂಡಿಸತಕ್ಕದ್ದು.

ಎರಡನೆಯದಾಗಿ, ಅಲ್ಯೂಮಿನಿಯಂ ತಂತಿಯು ಸಾಮಾನ್ಯವಾದ ರಾಳದ ಬೆಸುಗೆಗೆ ಒಗ್ಗುವುದಿಲ್ಲ. ಅದರ ಮೇಲಣ ಕಿಲುಬಿನ ಪೊರೆಯು ಕ್ಷಣಮಾತ್ರದಲ್ಲಿ ಮತ್ತೆ ಕಟ್ಟುವುದು. ತಾಮ್ರಕ್ಕೂ ಅಲ್ಯೂಮಿನಿಯಂಗೂ ನೇರವಾಗಿ ಹೆಣೆದರೆ ತೇವದಲ್ಲಿ ಅಲ್ಯೂಮಿನಿಯಂ ಕೊರೆದುಹೋಗುವುದು. ಇವೆರಡನ್ನೂ ಸೇರಿಸುವುದಕ್ಕಾಗಿಯೇ ಮಾಡಿದ ಲಗ್ಗುಗಳನ್ನು ಉಪಯೋಗಿಸಬೇಕು.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ಮೂರು ಫೇಸಿನ 415 ವೋಲ್ಟಿನ ವಿದ್ಯುತ್ತನ್ನು ಪಟ್ಟಿಯ ಬೋರ್ಡಿನ ಮೇಲೆ ತರಲೇಕೂಡದು. ಅದರ ಪಟ್ಟಿಗಳ ನಡುವೆ ಒಂದು ಮಿಲ್ಲಿಮೀಟರಿನಷ್ಟೂ ಎಡೆಯಿರುವುದಿಲ್ಲ. ಧೂಳು, ತೇವ, ಇರುವೆ ಅಥವಾ ಹಲ್ಲಿಯು ಆ ಎಡೆಯನ್ನು ತುಂಬಿದರೆ ಬೆಂಕಿಯೂ ಪ್ರಾಣಾಪಾಯವೂ ಸಂಭವಿಸುವುವು. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು 7ರಿಂದ 8 ಆಂಪಿಯರುಗಳನ್ನೂ, ನೇರವಾಗಿ ಹೊರಡುವಾಗ ಅದರ ಆರರಷ್ಟನ್ನೂ ಎಳೆಯುವುದರಿಂದ ಸಣ್ಣ ರಿಲೇಯು ಮೋಟಾರಿನ ಭಾರವನ್ನು ತಾಳಲಾರದು. ಕೈಯಿಂದ ಕಟ್ಟಿದ ಬೋರ್ಡು 12 ವೋಲ್ಟಿನಲ್ಲಿಯೇ ಇದ್ದು, ತಕ್ಕ ವೋಲ್ಟಿಗೆಂದು ಮಾಡಿದ ಪ್ರತ್ಯೇಕ ಪೀಠದ ಮೇಲಣ ರಿಲೇಯ ಮೂಲಕ ಸ್ಟಾರ್ಟರಿನ ಸುರುಳಿಯನ್ನು ಮಾತ್ರ ನಡೆಸತಕ್ಕದ್ದು. ಆ ರಿಲೇಯಿಂದ ಸ್ಟಾರ್ಟರಿನ ಕಡೆಗಿನ ಕೆಲಸವನ್ನು ಲೈಸೆನ್ಸು ಪಡೆದ ವಿದ್ಯುತ್ ಕೆಲಸಗಾರನೇ ಮಾಡಬೇಕು. ರಿಲೇಯ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಬೆಸೆದಿರಬೇಕು. ಇಲ್ಲದಿದ್ದರೆ ಸುರುಳಿಯು ಬಿಟ್ಟುಕೊಂಡಾಗ ಹುಟ್ಟುವ ಹೆಚ್ಚಿನ ವೋಲ್ಟು ಟ್ರಾನ್ಸಿಸ್ಟರನ್ನು ಕೆಡಿಸುವುದು.

ಹೊಲಕ್ಕೆ ಒಯ್ಯುವ ಮುಂಚಿನ ಪರೀಕ್ಷೆ

ಬೆಸುಗೆಗಳನ್ನೆಲ್ಲ ಭೂತಗನ್ನಡಿಯಿಂದ ಒಂದೊಂದಾಗಿ ನೋಡಿದ ಮೇಲೆ, ವಿದ್ಯುತ್ತನ್ನು ಕೊಡುವುದಕ್ಕೆ ಮೊದಲು ಮಲ್ಟಿಮೀಟರಿನಿಂದ ಎರಡು ವಿಷಯಗಳನ್ನು ಪರೀಕ್ಷಿಸಬೇಕು: ಸೇರಬೇಕಾದ ಜಾಗಗಳು ಸೇರಿವೆಯೇ, ಸೇರಬಾರದ ಪಕ್ಕದ ಪಟ್ಟಿಗಳು ಸೇರಿಕೊಂಡಿಲ್ಲವೇ. ಆಮೇಲೆ ಮೋಟಾರಿಗೆ ಬದಲಾಗಿ ಒಂದು ದೀಪವನ್ನು ಇಟ್ಟು ಯಂತ್ರವನ್ನು ನಡೆಸಬೇಕು. ನಡೆಯುತ್ತಿರುವಾಗ 12 ವೋಲ್ಟಿನ ಬೋರ್ಡನ್ನು ಒಣ ಮರದ ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿದಾಗ ದೀಪವು ಮಿನುಗಿದರೆ ಆ ಜಾಗದಲ್ಲಿ ಒಣಬೆಸುಗೆಯಿದೆಯೆಂದು ತಿಳಿಯಬೇಕು. ಬಾವಿಗೆ ಹೋಗುವ ತಂತಿಯನ್ನು ಬೇಕೆಂದೇ ಬಿಡಿಸಿ, ದೀಪವು ಆರುವುದೇ ಎಂದು ನೋಡಬೇಕು. ಕೆಲವು ದಿನಗಳು ಮನೆಯಲ್ಲಿಯೇ ಹೀಗೆ ನಡೆದ ಯಂತ್ರವನ್ನು ಮಾತ್ರ ಹೊಲಕ್ಕೆ ಒಯ್ಯಬೇಕು. ಅಲ್ಲಿಯೂ ಮೊದಲ ಕೆಲವು ವಾರಗಳು ಒಬ್ಬನು ಕಾಯುತ್ತಿರುವುದು ಲೇಸು.

ಪೆಟ್ಟಿಗೆಗೆ ತಂತಿಗಳು ಕೆಳಗಿನಿಂದಲೇ ಪ್ರವೇಶಿಸಬೇಕು. ಪ್ರವೇಶಿಸುವುದಕ್ಕೆ ಮೊದಲು ಸ್ವಲ್ಪ ಜೋತುಬಿದ್ದಿದ್ದರೆ ಮಳೆಯ ಹನಿಯು ಅಲ್ಲಿಯೇ ತೊಟ್ಟಿಕ್ಕಿ ಬೀಳುವುದು. ಮಲೆನಾಡಿನಂತಹ ತೇವದ ಸೀಮೆಯಲ್ಲಿ, ಪರೀಕ್ಷೆ ಮುಗಿದ ಬೋರ್ಡನ್ನು ಶುಚಿಮಾಡಿ ಒಣಗಿಸಿ, ಅದಕ್ಕೆಂದೇ ಮಾರುವ ವಾರ್ನಿಷನ್ನು ಹಚ್ಚುವುದು ಹಿತಕರ.

ಸೀಸದ ವಿಷಯದಲ್ಲಿ ಎಚ್ಚರಿಕೆ

ಸೀಸವು ವಿಷ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಯನ್ನುಂಟುಮಾಡುವುದೆಂದೂ, ಇಷ್ಟಾದರೆ ಅಪಾಯವಿಲ್ಲವೆನ್ನುವ ಪ್ರಮಾಣವು ಗೊತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಬೆಸೆಯುವ ಶಾಖದಲ್ಲಿ ಸೀಸವು ಆವಿಯಾಗಿ ಏಳುವುದು ಅತ್ಯಲ್ಪ. ಅದು ಕೈಯಿಂದ ಬಾಯಿಗೆ ಹೋಗುವುದೇ ಮುಖ್ಯವಾದ ಅಪಾಯ. ಆದುದರಿಂದ ಅಡಿಗೆಮನೆಯಲ್ಲಿ ಬೆಸೆಯಕೂಡದು. ಬೆಸೆಯುವಾಗ ಎಲೆಯಡಿಕೆಯನ್ನಾಗಲಿ ತಿಂಡಿಯನ್ನಾಗಲಿ ಬಾಯಿಗೆ ಹಾಕಕೂಡದು. ಬೆಸುಗೆ ತಂತಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯಕೂಡದು. ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ರಾಳದ ಹೊಗೆಯು ಉಬ್ಬಸವನ್ನು ಉಂಟುಮಾಡಬಲ್ಲದಾದುದರಿಂದ ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಬೇಕು. ಈ ಬೆಸುಗೆ ಲೋಹದಿಂದ ಹಾಲಿನ ಕ್ಯಾನು, ನೀರಿನ ಕೊಡ, ಅಡಿಗೆಯ ಪಾತ್ರೆಗಳ ತೂತನ್ನು ಎಂದಿಗೂ ಮುಚ್ಚಬಾರದು. ಪಾತ್ರೆಯ ಕಲಾಯಿಗೆ ಶುದ್ಧವಾದ ತವರವೇ ಆಗಬೇಕು.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಕೈಯಿಂದ ಕಟ್ಟಿದುದೆಂಬ ಕಾರಣದಿಂದ ಯಾವ ಯಂತ್ರವನ್ನೂ ಹೀಗಳೆಯಬೇಕಾಗಿಲ್ಲ. 1969ನೆಯ ಜುಲೈ ತಿಂಗಳಲ್ಲಿ ಮನುಷ್ಯರನ್ನು ಚಂದ್ರನಿಗೆ ಒಯ್ದ ಅಪೋಲೋ ನೌಕೆಯ ಕಂಪ್ಯೂಟರಿನ ಸ್ಮೃತಿಭಾಗವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾರ್ಖಾನೆಯಲ್ಲಿ ಹೆಂಗಸರು ಸೂಜಿಯಿಂದ ತಂತಿಯನ್ನು ಪೋಣಿಸಿ ಹೆಣೆದರು. ಸಣ್ಣ ಅಯಸ್ಕಾಂತದ ಬಳೆಯೊಳಗೆ ತಂತಿಯು ಹಾದುಹೋದರೆ ಒಂದು ಅರ್ಥ, ಹೊರಗೆ ಹಾದುಹೋದರೆ ಇನ್ನೊಂದು ಅರ್ಥ. ಇಂತಹ ಕೆಲಸವು ಫಲಿಸಿದುದಕ್ಕೆ ಕಾರಣವೇನೆಂದರೆ ಪ್ರತಿಯೊಂದು ತಂತಿಯನ್ನೂ ಹಾಕಿದ ಮೇಲೆ ಮತ್ತೆ ಮತ್ತೆ ಪರೀಕ್ಷಿಸಿದುದು.

ಊರಿನಲ್ಲಿ ಇಂತಹ ಕೆಲಸದಲ್ಲಿ ಆಸಕ್ತಿಯುಳ್ಳ ಹುಡುಗರಿದ್ದರೆ ಮುಖ್ಯಸ್ಥರೂ ಜಮೀನುದಾರರೂ ಅವರನ್ನು ಪ್ರೋತ್ಸಾಹಿಸಬೇಕು. ಸರ್ಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎಂಬ ಶಿಕ್ಷಣ ವಿಭಾಗವುಂಟು. ಅಲ್ಲಿಗೆ ಕಳುಹಿಸಿದರೆ ಹಸ್ತಕೌಶಲವು ಕ್ರಮವಾಗಿ ಕಲಿತಂತಾಗುವುದು. ಆದರೆ ಪ್ರೋತ್ಸಾಹವೆಂದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳುವುದಲ್ಲ. ಯಂತ್ರವನ್ನು ತಂದವನ ಎದುರಿಗೆ ಪೆಟ್ಟಿಗೆಯ ಮುಚ್ಚಳವನ್ನು ತೆಗೆಸಿ ಈ ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಅವನಿಗೂ ಹಿತ, ಹೊಲಕ್ಕೂ ಹಿತ.

1. ಬಾವಿಯ ತಂತಿಯು ಕಡಿದರೆ ಮೋಟಾರು ನಿಲ್ಲುವುದೇ?
2. ಬೆಸುಗೆಗಳು ಹರಡಿ ಅಪ್ಪಿಕೊಂಡಿವೆಯೇ, ಉಂಡೆಯಾಗಿ ಕುಳಿತಿವೆಯೇ?
3. ಹೊರತಂತಿಗಳನ್ನು ಎಳೆತ ಬೀಳದಂತೆ ಕಟ್ಟಿದೆಯೇ?
4. ತಿರುಪಿನ ಕೆಳಗಣ ತಂತಿಗಳಿಗೆ ಲಗ್ಗು ಒತ್ತಿದೆಯೇ, ಬೆಸುಗೆ ತುಂಬಿದೆಯೇ?
5. 415 ವೋಲ್ಟಿನ ತಂತಿಯು ಸಣ್ಣ ಬೋರ್ಡಿನಿಂದ ದೂರವಾಗಿದೆಯೇ?
6. ನಕ್ಷೆಯನ್ನು ಮುಚ್ಚಳದೊಳಗೆ ಅಂಟಿಸಿದೆಯೇ?
7. ದೀಪವನ್ನಿಟ್ಟು ಎಷ್ಟು ದಿನ ನಡೆಸಿ ನೋಡಲಾಗಿದೆ?

ಈ ಏಳು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಯಂತ್ರವನ್ನು ಪಂಪುಮನೆಯಲ್ಲಿ ಇಡಬಹುದು. ಒಂದಕ್ಕೆ ಉತ್ತರ ದೊರೆಯದಿದ್ದರೂ ಯಂತ್ರವನ್ನು ಕಟ್ಟಿದವನಿಗೆ ಹಿಂದಕ್ಕೆ ಕೊಟ್ಟು, ಆ ಲೋಪವನ್ನು ಸರಿಪಡಿಸಿಕೊಂಡು ಬರುವಂತೆ ಹೇಳತಕ್ಕದ್ದು. ಮತ್ತೊಮ್ಮೆ ಬೆಸೆಯುವುದಕ್ಕೆ ಒಂದು ಗಳಿಗೆ ಸಾಕು. ಸುಟ್ಟ ಮೋಟಾರನ್ನು ಮೇಲಕ್ಕೆತ್ತುವುದಕ್ಕೆ ಹಲವು ದಿನಗಳು ಬೇಕು, ಒಣಗಿದ ಬೆಳೆಯಂತೂ ಹಿಂದಿರುಗಿ ಬರುವುದಿಲ್ಲ.